ಬಾರ್ಡೋಲಿಯಿಂದ ಲಾರ್ಕಿನ್ ಬೀದಿಗೆ

ಅಮೆರಿಕದಲ್ಲಿ ಕಪ್ಪು ಜನ, ಬಿಳಿ ಜನ ಚರ್ಚಿನ ಒಂದೇ ಬೆಂಚಿನ ಮೇಲೆ ಕೂರಲು ಪಟ್ಟ ಪಾಡಿನ ಕಥೆಯನ್ನು ನಾನು ಮೈಸೂರಿನಿಂದ ಶುರು ಮಾಡುತ್ತೇನೆ. 1937ರ ಜನವರಿಯಲ್ಲಿ, ನಾಲ್ವಡಿಯವರ ಮೈಸೂರಿನಲ್ಲಿ ವೈಎಂಸಿಎ ಸಂಸ್ಥೆಯ ವಿಶ್ವ ಸಮ್ಮೇಳನ ನಡೆಯಿತು. ಅಮೆರಿಕದಿಂದ ಬಂದವರಲ್ಲಿ ಬೆಂಜಮಿನ್ ಮೇಸ್ ಒಬ್ಬರು. ಅವರ ತಂದೆತಾಯಿ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಮಗ ಓದಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದರು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿಗೆ ಅಧ್ಯಕ್ಷರಾದವರೂ ಇವರೇ. ಮೈಸೂರಿನಲ್ಲಿದ್ದಾಗ ಅಸ್ಪೃಶ್ಯರ ಮಕ್ಕಳ ಶಾಲೆಯೊಂದಕ್ಕೆ ಅವರನ್ನು ಕರೆದರು. ಅಲ್ಲಿನ ಹೆಡ್‌ಮಾಸ್ತರರು ಮಕ್ಕಳಿಗೆ ಅತಿಥಿಯನ್ನು ಪರಿಚಯಿಸಿದ್ದು, ಇವರೂ ನಮ್ಮ ಹಾಗೆ ಅಸ್ಪೃಶ್ಯರೇ, ಆದರೂ ಎಷ್ಟು ಮೇಲೆ ಬಂದಿದ್ದಾರೆ ನೋಡಿ ಎಂಬ ಅರ್ಥದಲ್ಲಿ. ಮೇಸ್ ಅವರಿಗೆ ಮೊದಲು ಇರಿಸುಮುರಿಸಾಯಿತು. ಕೂತು ಯೋಚಿಸಿದ ಮೇಲೆ, ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎಂದು ಒಪ್ಪಿಕೊಂಡರು. ತಮ್ಮ ಆತ್ಮಕಥೆಯಲ್ಲಿ ಇದನ್ನು ಅವರೇ ಬರೆದಿದ್ದಾರೆ.

ಇದೇ ಹೋವರ್ಡ್ ವಿಶ್ವವಿದ್ಯಾಲಯದ ಇನ್ನೊಬ್ಬರು, ಅಲ್ಲಿನ ಪ್ರಾರ್ಥನಾಲಯದ ಡೀನ್ ಹೋವರ್ಡ್ ಥರ್ಮನ್, ಮೇಸ್‌ಗಿಂತ ಒಂದು ವರ್ಷ ಮೊದಲೇ ಭಾರತ ಸುತ್ತಿ ಹೋಗಿದ್ದರು. ಅದೇ ವರ್ಷಗಳಲ್ಲಿ ಛತ್ತೀಸ್‌ಗಢದ ಹಳ್ಳಿಗಳಲ್ಲಿ ಡೊನಾಲ್ಡ್ ಮೆಕ್‌ಗ್ಯಾವ್ರನ್ ಎಂಬ ಬಿಳಿಯ ಮಿಶನರಿ ಸತ್ನಾಮಿ ಎಂಬ ದಲಿತ ಸಮುದಾಯದವರ ನಡುವೆ ಕೆಲಸ ಮಾಡುತ್ತಿದ್ದರು. ಥರ್ಮನ್, ಮೆಕ್‌ಗ್ಯಾವ್ರನ್ ಇಬ್ಬರೂ ಇಲ್ಲಿ ಜಾತಿಯನ್ನು ಕಣ್ಣಾರೆ ಕಂಡರು. ಇಬ್ಬರೂ ಕೊನೆಗೆ ಸೇರಿದ್ದು ಕ್ಯಾಲಿಫೋರ್ನಿಯಾ. ಕಂಡದ್ದು ಒಂದೇ, ಅಲ್ಲಿ ಹೋಗಿ ಕಟ್ಟಿದ್ದು ಮಾತ್ರ ಒಂದಕ್ಕೊಂದು ತೀರಾ ವಿರುದ್ಧ. ಅಮೆರಿಕದವರು ಬರೆದ ಇತಿಹಾಸಗಳಲ್ಲಿ ಈ ಇಬ್ಬರೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತಾರೆ. ನನಗೆ ಅವರನ್ನು ಎದುರುಬದುರು ಕೂರಿಸಿ ನೋಡುವ ಆಸೆ.

ಆಸೆಗೆ ಕಾರಣ ನನ್ನ ಹುಟ್ಟು. ನಾನು ಹುಬ್ಬಳ್ಳಿಯ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವಳು, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳು ಒಂದು ವಿಷಯದಲ್ಲಿ ಹಟಮಾರಿಗಳು. ದೀಕ್ಷಾಸ್ನಾನ ಬೇಕಾದರೆ ಜಾತಿ ಬಿಡಬೇಕು. ಕರ್ತನ ಭೋಜನಕ್ಕೆ ಎಲ್ಲರಿಗೂ ಒಂದೇ ಪಾತ್ರೆ. ಹೇಳಲು ಸುಲಭ. ಜಾತಿ ಬಿಟ್ಟವನಿಗೆ ಮನೆ ಹೋಗುತ್ತಿತ್ತು, ಗೇಣಿ ಹೋಗುತ್ತಿತ್ತು, ಕುಲಕಸುಬೂ ಹೋಗುತ್ತಿತ್ತು. ಶೇಂದಿ ಇಳಿಸುತ್ತಿದ್ದ ಬಿಲ್ಲವ ಕ್ರೈಸ್ತನಾದ ಮೇಲೆ ಮತ್ತೆ ಮರ ಹತ್ತುವುದು ಮಿಶನರಿಗಳಿಗೆ ಸೇರುತ್ತಿರಲಿಲ್ಲ. ಹಾಗಾದರೆ ಅವನು ಉಣ್ಣುವುದೇನು? ಮಂಗಳೂರಿನಲ್ಲಿ 1851ರ ನೇಯ್ಗೆ ಕಾರ್ಖಾನೆ, 1865ರ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಮಂಗಳೂರು ಹೆಂಚನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ಬೇರೆ ಬೇರೆ ಜಾತಿಯವರನ್ನು ಒಂದು ಸಭೆಯಲ್ಲಿ ಕೂರಿಸಬೇಕಾದರೆ ಅವರಿಗೆ ಕೂಲಿಯ ದಾರಿಯನ್ನೂ ತೋರಿಸಬೇಕಾಗಿತ್ತು.

ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಮಂಗಳೂರಿನ ಸಾರಸ್ವತ ಯುವಕ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತ್ತು. ಆತ ಬಾಸೆಲ್‌ಗೆ ಹೋಗಿ ಓದಿದ, ಅಭಿಷಿಕ್ತನಾಗಿ ಬಂದ, 1860ರಲ್ಲಿ ಜರ್ಮನ್ ಹೆಣ್ಣೊಬ್ಬಳನ್ನು ಮದುವೆಯಾದ. ಕೊಡಗಿನಲ್ಲಿ ಹೊಲೆಯರಿಂದ ಬಂದ ಕ್ರೈಸ್ತರಿಗಾಗಿ ಆನಂದಪುರ ಎಂಬ ನೆಲೆ ಮಾಡಿದ. ಇಷ್ಟೆಲ್ಲ ಆದರೂ ನಮ್ಮ ಅವ್ವ ಹೇಳುತ್ತಿದ್ದ ಮಾತು ಬೇರೆ: "ಸಭ್ಯಾಗ ಎಲ್ಲಾರೂ ಒಂದ ಅಂತಾರ. ಮದುವಿ ಮಾತು ಬಂತಂದ್ರ ಮೂಲ ಕೇಳತಾರ." ಬಾಯಿಬಿಟ್ಟು ಕೇಳದಿದ್ದವರೂ ಅಡ್ಡದಾರಿಯಿಂದ ತಿಳಿದುಕೊಳ್ಳುತ್ತಿದ್ದರು. ಹಾಗಂತ ನಮ್ಮ ಸಭೆಯವರೇ ಕೆಟ್ಟವರು ಅನ್ನಲಾರೆ. ತಮಿಳುನಾಡಿನ ವಡಕ್ಕನ್‌ಕುಲಂ ಎಂಬ ಊರಿನಲ್ಲಿ ಜಾತಿಗೊಂದು ಪಕ್ಕ ಎಂದು ಇಬ್ಭಾಗವಾಗಿಯೇ ಚರ್ಚು ಕಟ್ಟಿ, ನಡುವೆ ಗೋಡೆ ಎಬ್ಬಿಸಿದ್ದರು. ಪಾದ್ರಿಗಳು ಅದನ್ನು ಒಡೆಸುವ ಹೊತ್ತಿಗೆ 1910 ಆಗಿತ್ತು.

ಅಮೆರಿಕದಲ್ಲಿ ಗೋಡೆ ಬೇಕಾಗಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು, ಇದು ನಿಮ್ಮ ಜಾಗ ಅಲ್ಲ ಎಂದು ತೋಳು ಹಿಡಿದು ಎಬ್ಬಿಸಿದರು. ಅವರಲ್ಲಿ ಅಬ್ಸಲೋಮ್ ಜೋನ್ಸ್ ಇದ್ದರು, ರಿಚರ್ಡ್ ಆಲೆನ್ ಇದ್ದರು. ಪ್ರಾರ್ಥನೆ ಮುಗಿಯುವವರೆಗಾದರೂ ತಡೆಯಿರಿ ಎಂದು ಕೇಳಿಕೊಂಡರೂ ಬಿಡಲಿಲ್ಲ. ಅವರು ಎದ್ದು ಹೊರಗೆ ನಡೆದರು. ಆಲೆನ್ 1794ರಲ್ಲಿ ಬೆತೆಲ್ ಚರ್ಚು ಕಟ್ಟಿದರು, 1816ರ ಹೊತ್ತಿಗೆ ಅದು ಕಪ್ಪು ಜನರದೇ ಆದ ಒಂದು ಪಂಥವಾಯಿತು. ಇವರನ್ನು ಪ್ರತ್ಯೇಕತಾವಾದಿಗಳು ಎಂದು ಕರೆದವರುಂಟು. ಎಬ್ಬಿಸಿದವರನ್ನು ಹಾಗೆ ಕರೆದವರು ಕಡಿಮೆ.

ಒಮ್ಮೆ ಮಾತ್ರ ಎಲ್ಲ ತಲೆಕೆಳಗಾಗುವ ಹಾಗೆ ಕಂಡಿತು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಹಳೆಯ ಕಟ್ಟಡವೊಂದರಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕ ಕೂಟ ಶುರು ಮಾಡಿದ. ಅದಕ್ಕೂ ಮೊದಲು ಹ್ಯೂಸ್ಟನ್ನಿನಲ್ಲಿ ಬಿಳಿಯ ಗುರುವೊಬ್ಬರ ಬೈಬಲ್ ಪಾಠವನ್ನು ಈತ ಬಾಗಿಲಾಚೆ ಕೂತು ಕೇಳಬೇಕಾಗಿತ್ತು. ಟೆಕ್ಸಾಸಿನ ಕಾನೂನು ಒಳಗೆ ಬಿಡುತ್ತಿರಲಿಲ್ಲ. ಅಜುಸಾ ಬೀದಿಯಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಎಲ್ಲರೂ ಒತ್ತಾಗಿ ಕೂತು ಹಾಡಿದರು, ಅತ್ತರು, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೈಯಿಟ್ಟು ಪ್ರಾರ್ಥಿಸಿದರು. ಹತ್ತು ವರ್ಷ ತುಂಬುವುದರೊಳಗೆ ಪೆಂಟೆಕೋಸ್ಟಲ್ ಪಂಥವೇ ಬಣ್ಣದ ಗೆರೆಯ ಮೇಲೆ ಸೀಳಿಹೋಯಿತು. 1914ರಲ್ಲಿ ಬಿಳಿಯರು ಬಹುಮಟ್ಟಿಗೆ ತಮ್ಮದೇ ಆದ ಅಸೆಂಬ್ಲೀಸ್ ಆಫ್ ಗಾಡ್ ಕಟ್ಟಿಕೊಂಡರು. ಉತ್ಸಾಹ ಇದ್ದಾಗ ಜನ ಬೆರೆಯುತ್ತಾರೆ. ಉತ್ಸಾಹ ಇಳಿದ ಮೇಲೆ ಹಣಕಾಸು ಯಾರ ಕೈಯಲ್ಲಿ, ಬೋಧಕನನ್ನು ನೇಮಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಈಗ ಥರ್ಮನ್. ಹುಟ್ಟಿದ್ದು 1899ರಲ್ಲಿ, ಬೆಳೆದದ್ದು ಫ್ಲಾರಿಡಾದ ಡೇಟೋನಾದಲ್ಲಿ, ಸಾಕಿದ್ದು ಗುಲಾಮಗಿರಿ ಕಂಡಿದ್ದ ಅಜ್ಜಿ ನ್ಯಾನ್ಸಿ ಆಂಬ್ರೋಸ್. ಅಜ್ಜಿಗೆ ಓದು ಬಾರದು, ಮೊಮ್ಮಗ ಬೈಬಲ್ ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು ಮಾತ್ರ ಮುಟ್ಟುವಂತಿಲ್ಲ. ಪ್ರೀತಿಯನ್ನು ಕುರಿತ ಕೊರಿಂಥದ ಆ ಒಂದು ಅಧ್ಯಾಯ ಬೇಕಾದರೆ ಓದಬಹುದು. ದೊಡ್ಡವನಾದ ಮೇಲೆ ಕಾರಣ ಕೇಳಿದ. ಗುಲಾಮಗಿರಿಯ ಕಾಲದಲ್ಲಿ ಯಜಮಾನ ಕರೆಸುತ್ತಿದ್ದ ಬೋಧಕ, ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಮಾತನ್ನೇ ಮತ್ತೆ ಮತ್ತೆ ಬೋಧಿಸುತ್ತಿದ್ದನಂತೆ. ಬಿಡುಗಡೆಯಾದರೆ ಆ ಭಾಗ ಎಂದೂ ಓದೆನೆಂದು ಅಜ್ಜಿ ಆಗಲೇ ಶಪಥ ಮಾಡಿದ್ದಳು. ಧರ್ಮಗ್ರಂಥದ ಮುಂದೆ ಹೀಗೆ ತಲೆಯೆತ್ತಿ ನಿಂತ ಹೆಂಗಸು ನನಗೆ ಯಾವ ಪಂಡಿತರಿಗಿಂತಲೂ ದೊಡ್ಡವಳಾಗಿ ಕಾಣುತ್ತಾಳೆ.

1935ರ ಅಕ್ಟೋಬರ್‌ನಲ್ಲಿ ಥರ್ಮನ್, ಹೆಂಡತಿ ಸೂ ಬೇಲಿ ಥರ್ಮನ್ ಮತ್ತು ಕ್ಯಾರೊಲ್ ದಂಪತಿ ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕರೆಯ ಮೇಲೆ ಈ ಕಡೆ ಬಂದರು. ಕೊಲಂಬೊದಲ್ಲಿ ಲಾ ಕಾಲೇಜಿನಲ್ಲಿ ಮಾತಾಡಿದ ಮೇಲೆ ಒಬ್ಬ ಯುವ ವಕೀಲ ಥರ್ಮನ್‌ರನ್ನು ತರಾಟೆಗೆ ತೆಗೆದುಕೊಂಡ. ನಿನ್ನ ಜನರನ್ನು ಮಾರಿದವರು ಕ್ರೈಸ್ತರು, ಹಡಗಿನಲ್ಲಿ ತುಂಬಿದವರು ಕ್ರೈಸ್ತರು, ಇವತ್ತು ಹೊಡೆದು ನೇಣು ಹಾಕುವವರೂ ಕ್ರೈಸ್ತರು. ಅದೇ ಧರ್ಮದ ಪರವಾಗಿ ಇಲ್ಲಿಗೆ ಬಂದಿದ್ದೀಯಲ್ಲ ಎಂಬುದು ಅವನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಲೇ ಥರ್ಮನ್ 1949ರಲ್ಲಿ, ತುಳಿತಕ್ಕೆ ಸಿಕ್ಕವರಿಗೆ ಯೇಸು ಏನಾಗುತ್ತಾನೆ ಎಂಬುದನ್ನು ಕುರಿತು ತಮ್ಮ ಪ್ರಸಿದ್ಧ ಪುಸ್ತಕವನ್ನು ಬರೆದರು.

1936ರ ಫೆಬ್ರವರಿಯಲ್ಲಿ ಗುಜರಾತಿನ ಬಾರ್ಡೋಲಿಯಲ್ಲಿ ಅವರು ಗಾಂಧೀಜಿಯನ್ನು ಕಂಡರು. ಗಾಂಧೀಜಿ ಡೇರೆಯಿಂದ ತಾವೇ ಹೊರಗೆ ಬಂದು ಬರಮಾಡಿಕೊಂಡರು. ಹೆಚ್ಚು ಪ್ರಶ್ನೆ ಕೇಳಿದ್ದೂ ಅವರೇ: ಮತದಾನ, ಶಾಲೆ, ಗುಂಪುಕೊಲೆ, ಚರ್ಚು. ಒಂದು ಪ್ರಶ್ನೆ ಥರ್ಮನ್ ಮನಸ್ಸಿನಲ್ಲಿ ಉಳಿಯಿತು. ನಿಮ್ಮ ಗುಲಾಮರು ಯಾಕೆ ಮುಸಲ್ಮಾನರಾಗಲಿಲ್ಲ? ಅಲ್ಲಿ ನಮಾಜಿನ ಸಾಲಿನಲ್ಲಾದರೂ ಒಡೆಯನೂ ಆಳೂ ಒಟ್ಟಿಗೆ ನಿಲ್ಲುತ್ತಾರಲ್ಲ? ಹೊರಡುವ ಮುನ್ನ ಗಾಂಧೀಜಿ, ಅಹಿಂಸೆಯ ಅಪ್ಪಟ ಸಂದೇಶ ಜಗತ್ತಿಗೆ ಮುಟ್ಟುವುದು ಪ್ರಾಯಶಃ ನಿಮ್ಮ ಜನರ ಮೂಲಕವೇ ಇರಬಹುದು ಎಂಬ ಭಾವನೆಯನ್ನೂ ಹೇಳಿದರು. ಮಹಾದೇವ ದೇಸಾಯಿ ಇದನ್ನು 'ಹರಿಜನ' ಪತ್ರಿಕೆಯಲ್ಲಿ ಬರೆದರು. ಅಸ್ಪೃಶ್ಯತೆಯನ್ನು ಕುರಿತೂ ಅಲ್ಲಿ ಮಾತಾಯಿತು, ಗಾಂಧೀಜಿ ತಮ್ಮ ದಾರಿಯನ್ನು ವಿವರಿಸಿದರು. ನೆನಪಿಡಬೇಕು: ಥರ್ಮನ್ ಬಂದ ಅದೇ ಅಕ್ಟೋಬರ್‌ನಲ್ಲಿ ಅಂಬೇಡ್ಕರ್ ಯೇವಲಾದಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದರು. ಗಾಂಧೀಜಿಯ ಆ ವಿವರಣೆ ಅಂಬೇಡ್ಕರ್‌ಗೆ ಒಪ್ಪಿಗೆಯಾಗುವಂಥದಲ್ಲ.

ಅದೇ ಪ್ರವಾಸದಲ್ಲಿ ಖೈಬರ್ ಕಣಿವೆ. ಅಫ್ಘಾನಿಸ್ತಾನದ ಗಡಿಯಲ್ಲಿ ನಿಂತು ಒಂಟೆಗಳ ಸಾಲು ಬರುವುದನ್ನು ನೋಡುತ್ತಿದ್ದಾಗ ಗಂಡಹೆಂಡತಿಗೆ ಒಂದು ಮಾತು ಗಟ್ಟಿಯಾಯಿತು. ಬಣ್ಣ, ಪಂಥ, ನಾಡುಗಳ ಗೆರೆ ದಾಟಿದ ಆರಾಧನೆ ಸಾಧ್ಯವೋ ಇಲ್ಲವೋ, ಊರಿಗೆ ಹೋಗಿ ಮಾಡಿ ನೋಡಬೇಕು.

ಮಾಡಲು ಎಂಟು ವರ್ಷ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ, ಪ್ರೆಸ್ಬಿಟೇರಿಯನ್ ಬೋಧಕ ಆಲ್ಫ್ರೆಡ್ ಫಿಸ್ಕ್ ಮತ್ತು ಕೆಲವರು ಮಿಶ್ರ ಸಭೆಯೊಂದನ್ನು ಕಟ್ಟಲು ಹೊರಟು, ತಮ್ಮ ಜೊತೆಗೆ ಸರಿಸಮನಾಗಿ ನಿಲ್ಲುವ ಕಪ್ಪು ಸಭಾಪಾಲಕರನ್ನು ಹುಡುಕುತ್ತಿದ್ದರು. ಥರ್ಮನ್ ಮೊದಲು ರಜೆ ಹಾಕಿ 1944ರಲ್ಲಿ ಅಲ್ಲಿಗೆ ಹೋದರು, ಆಮೇಲೆ ಹೋವರ್ಡ್‌ನ ಕೆಲಸವನ್ನೇ ಬಿಟ್ಟರು. ಸಭೆಯ ಹೆಸರು ಚರ್ಚ್ ಫಾರ್ ದ ಫೆಲೋಶಿಪ್ ಆಫ್ ಆಲ್ ಪೀಪಲ್ಸ್. ಸುಮ್ಮನೆ ಫೆಲೋಶಿಪ್ ಚರ್ಚ್ ಅನ್ನುತ್ತಾರೆ.

ಆ ಕೇರಿಯ ಸ್ಥಿತಿ ತಿಳಿಯದೆ ಈ ಕೆಲಸದ ಕಷ್ಟ ತಿಳಿಯದು. ಸಭೆ ಶುರುವಾದ ಫಿಲ್ಮೋರ್ ಭಾಗ ಜಪಾನಿ ಅಮೆರಿಕನ್ನರ ಕೇರಿ. ಯುದ್ಧ ಬಂತು, 1942ರಲ್ಲಿ ಸರ್ಕಾರ ಅವರನ್ನು ಅನಾಮತ್ತಾಗಿ ಎಬ್ಬಿಸಿ ಶಿಬಿರಗಳಿಗೆ ಅಟ್ಟಿತು. ಖಾಲಿ ಮನೆಗಳಿಗೆ ಟೆಕ್ಸಾಸ್, ಲೂಸಿಯಾನಾಗಳಿಂದ ಹಡಗುಕಟ್ಟೆಯ ಕೆಲಸಕ್ಕೆ ಬಂದ ಕಪ್ಪು ಕುಟುಂಬಗಳು ಸೇರಿಕೊಂಡವು. ಬೇರೆ ಕಡೆ ಅವರಿಗೆ ಬಾಡಿಗೆ ಮನೆ ಕೊಡುತ್ತಿರಲಿಲ್ಲ. 1940ರಲ್ಲಿ ನಗರದಲ್ಲಿ ಐದು ಸಾವಿರವೂ ಇರದ ಕಪ್ಪು ಜನ 1950ಕ್ಕೆ ನಲವತ್ತಮೂರು ಸಾವಿರ ದಾಟಿದರು. ಒಬ್ಬರನ್ನು ಹೊರಹಾಕಿದ ಜಾಗದಲ್ಲಿ ಇನ್ನೊಬ್ಬರು ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಕೇರಿ ಅದು. ಅಲ್ಲಿ ಸರ್ವಜನರ ಸಭೆ!

ಅವರು ಮಾಡಿದ್ದನ್ನು ನೋಡಿ. ಪೀಠದ ಮೇಲೆ ಇಬ್ಬರು ಸಭಾಪಾಲಕರು, ಒಬ್ಬರು ಕಪ್ಪು, ಒಬ್ಬರು ಬಿಳಿ, ಒಬ್ಬರ ಕೈಕೆಳಗೆ ಒಬ್ಬರಲ್ಲ. ಪ್ರೆಸ್ಬಿಟೇರಿಯನ್ನರ ನೆರವು ಆರಂಭದಲ್ಲಿತ್ತು. ಆ ಹಣ ನೆಚ್ಚಿಕೊಂಡರೆ ತಾವು ಬಿಳಿಯರ ದಾನದ ಮೇಲೆ ನಡೆಯುವ ಕೇರಿಯ ಮಿಶನ್ ಆಗಿಬಿಡುತ್ತೇವೆ ಎಂದು ಥರ್ಮನ್‌ಗೆ ಹೊಳೆಯಿತು. ಪಂಥದ ನಂಟನ್ನೇ ಬಿಟ್ಟು ಸಭೆ ಸ್ವತಂತ್ರವಾಯಿತು. ಊರಾಚೆ, ದೇಶದ ತುಂಬ ಸಹಸದಸ್ಯರನ್ನು ಮಾಡಿಕೊಂಡು ಹಣ ಹೊಂದಿಸಿದರು; ಎಲಿನೋರ್ ರೂಸ್‌ವೆಲ್ಟ್ ಆ ಪಟ್ಟಿಯಲ್ಲಿದ್ದರು. ಫಿಲ್ಮೋರಿನಲ್ಲೇ ಉಳಿದರೆ ಕೇವಲ ಕಪ್ಪು ಸಭೆಯಾಗುತ್ತದೆ, ಬಿಳಿಯರ ಬಡಾವಣೆಗೆ ಹೋದರೆ ಇನ್ನೊಂದು. ಜಾಗ ಬದಲಿಸುತ್ತ ಬದಲಿಸುತ್ತ 1949ರಲ್ಲಿ ರಷ್ಯನ್ ಹಿಲ್‌ನ ಏರಿನಲ್ಲಿ ಲಾರ್ಕಿನ್ ಬೀದಿಯ 2041ನೇ ನಂಬರಿನಲ್ಲಿ ನೆಲೆ ನಿಂತರು.

ಸೂ ಬೇಲಿ ಥರ್ಮನ್ ಪಾಲನ್ನು ಇತಿಹಾಸಕಾರರು ಎರಡು ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಅದು ಸಹಿಸಲಾಗದು. ಒಟ್ಟಿಗೆ ಉಣ್ಣುವುದು, ಮಕ್ಕಳಿಗೆ ಬೇಸಿಗೆ ಶಿಬಿರದಲ್ಲಿ ಬೇರೆ ಬೇರೆ ಜನಾಂಗಗಳ ಕಥೆ, ಕಲೆ, ಬದುಕು ಕಲಿಸುವುದು, 1949ರಲ್ಲಿ ಸಭೆಯ ನಿಯೋಗವನ್ನು ಪ್ಯಾರಿಸ್ಸಿನ ಯುನೆಸ್ಕೊ ಅಧಿವೇಶನಕ್ಕೆ ಕರೆದೊಯ್ಯುವುದು, ಎಲ್ಲದರಲ್ಲೂ ಆಕೆಯ ಕೈಯಿತ್ತು. ಪೀಠದಿಂದ ಸಮಾನತೆ ಬೋಧಿಸುವುದು ಗಂಡಸರಿಗೆ ಸುಲಭ. ಯಾರ ಪಕ್ಕ ಯಾರು ಉಣ್ಣಲು ಕೂರುತ್ತಾರೆ ಎಂದು ನೋಡುವವಳು ಹೆಂಗಸು. ನಮ್ಮ ಸಭೆಗಳಲ್ಲೂ ಹಾಗೇ.

ಆರಾಧನೆಯಲ್ಲಿ ಥರ್ಮನ್ ಮೌನಕ್ಕೆ ದೊಡ್ಡ ಜಾಗ ಕೊಟ್ಟರು. ಗುಲಾಮರ ಹಾಡುಗಳನ್ನು ಕುರಿತು ಪುಸ್ತಕ ಬರೆದ ಮನುಷ್ಯ ಅವುಗಳನ್ನು ಪ್ರದರ್ಶನಕ್ಕೆ ಇಡಲಿಲ್ಲ, ಪ್ರಾರ್ಥನೆಯ ಒಳಗೆ ತಂದರು. ಕುತೂಹಲಕ್ಕೆ ನೋಡಲು ಬರುವವರು ಬಹಳ ಇದ್ದರು. ಇದು ಸಾಮಾಜಿಕ ಪ್ರಯೋಗವಲ್ಲ, ಮೊದಲು ದೇವರ ಆರಾಧನೆ ಎಂದು ಅವರು ಹೇಳುತ್ತಲೇ ಇರಬೇಕಾಯಿತು.

ಎಲ್ಲರಿಗೂ ಅದು ನಾಟಲಿಲ್ಲ. ಥರ್ಮನ್ ಬರುವುದಕ್ಕೆ ಮೊದಲು ಕೆಲ ತಿಂಗಳು ಅಲ್ಲಿ ಆಲ್ಬರ್ಟ್ ಕ್ಲೀಗ್ ಎಂಬ ತರುಣ ಕಪ್ಪು ಬೋಧಕ ಇದ್ದ. ಬಿಳಿಯರು ಇಲ್ಲಿಗೆ ಬರುವುದು ಒಳ್ಳೆಯ ಕೆಲಸ ಮಾಡಿದ ತೃಪ್ತಿಗಾಗಿ, ಇದು ನಿಜಕ್ಕೂ ಅವರ ಮನೆಯಲ್ಲ. ಜಪಾನಿಯರ ಆಸ್ತಿ ಹೋದ ಸಂಗತಿಯಂಥದ್ದನ್ನು ಎತ್ತಲು ಎಲ್ಲರಿಗೂ ಹಿಂಜರಿಕೆ ಎಂಬುದು ಅವನ ದೂರು. ಮಿಶ್ರ ಸಭೆ ಎನ್ನುವುದೇ ಆಗದ ಮಾತು ಎಂದು ತೀರ್ಮಾನಿಸಿ ಹೊರಟುಹೋದ. 1967ರ ಈಸ್ಟರ್ ದಿನ ಡೆಟ್ರಾಯಿಟ್‌ನ ತನ್ನ ಸಭೆಯಲ್ಲಿ ಕಪ್ಪು ಮರಿಯಮ್ಮನ ದೊಡ್ಡ ಚಿತ್ರವನ್ನು ಅನಾವರಣ ಮಾಡಿದವನು ಇವನೇ. ಕ್ಲೀಗ್ ಹೇಳಿದ್ದರಲ್ಲಿ ಅರ್ಧ ನಿಜವಿದೆ ಎಂದು ನನಗನ್ನಿಸುತ್ತದೆ. ಬರುವವರು ಏನನ್ನೂ ಬಿಟ್ಟುಕೊಡದೆ ಬಂದರೆ ಆ ಸಭೆ ಬರೀ ಭೇಟಿಯ ಜಾಗ.

ಇನ್ನು ಮೆಕ್‌ಗ್ಯಾವ್ರನ್. ಇವರು ಹುಟ್ಟಿದ್ದೇ ಭಾರತದಲ್ಲಿ, 1897ರಲ್ಲಿ, ಮಧ್ಯಪ್ರಾಂತದ ದಮೋಹ್‌ನಲ್ಲಿ. ತಂದೆತಾಯಿ ಮಿಶನರಿಗಳು. ಇವರನ್ನು ಕಾಡಿದ ಪ್ರಶ್ನೆ ಬೇರೆ: ಇಷ್ಟು ವರ್ಷ ಆಸ್ಪತ್ರೆ, ಶಾಲೆ ನಡೆಸಿದರೂ ಸಭೆಗಳು ಯಾಕೆ ಬೆಳೆಯಲಿಲ್ಲ? ಕೆಲವು ಕಡೆ ಮಾತ್ರ ಇಡೀ ಜಾತಿಗೆ ಜಾತಿಯೇ ಯಾಕೆ ಬಂತು? ಒಬ್ಬೊಬ್ಬನನ್ನೇ ಅವನ ಜನರಿಂದ ಕಿತ್ತು ತಂದು ಮಿಶನ್ ಕಾಂಪೌಂಡಿನಲ್ಲಿ ಇಟ್ಟರೆ ಬೇರು ಒಣಗುತ್ತದೆ ಎಂದು ಅವರು ಕಂಡುಕೊಂಡರು. ಜನ ತಮ್ಮ ಕುಲ, ಭಾಷೆ, ವರ್ಗದ ಗೆರೆ ದಾಟದೆಯೇ ಕ್ರೈಸ್ತರಾಗಲು ಬಯಸುತ್ತಾರೆ, ಹಾಗೆಯೇ ಬರಲಿ ಬಿಡಿ ಎಂದರು. 1955ರಲ್ಲಿ ಪುಸ್ತಕ ಬಂತು, 1965ರಲ್ಲಿ ಅವರು ಪ್ಯಾಸಡೀನಾದ ಫುಲ್ಲರ್ ಸೆಮಿನರಿಯಲ್ಲಿ ವಿಶ್ವ ಮಿಶನ್ ಶಾಲೆಯ ಮೊದಲ ಡೀನ್ ಆದರು.

ಬಾಸೆಲ್ ಮಿಶನ್ನಿನವರ ಹಟಕ್ಕೆ ಇದು ನೇರ ಎದುರು. ಮೆಕ್‌ಗ್ಯಾವ್ರನ್ ವರ್ಣದ್ವೇಷಿಯಲ್ಲ. ಒಳಗೆ ಬಂದ ಮೇಲೆ ಗೆರೆಗಳು ಅಳಿಯಬೇಕು ಎಂದೇ ಅವರು ಹೇಳುತ್ತಿದ್ದರು. ಆದರೆ ಈ ಸೂತ್ರ ಅಮೆರಿಕಕ್ಕೆ ಹೋದಾಗ ಅಲ್ಲಿ ಬಿಳಿಯರು ನಗರ ಬಿಟ್ಟು ಹೊಸ ಬಡಾವಣೆಗಳಿಗೆ ಸರಿಯುತ್ತಿದ್ದ ಕಾಲ. ಒಂದೇ ಬಗೆಯ ಜನರ ಸಭೆ ಬೇಗ ಬೆಳೆಯುತ್ತದೆ ಎಂಬುದು ಬೋಧಕರಿಗೆ ಅನುಕೂಲದ ವಿಜ್ಞಾನವಾಯಿತು. ಲ್ಯಾಟಿನ್ ಅಮೆರಿಕದ ರೆನೆ ಪಡೀಲಾರಂಥ ದೈವಶಾಸ್ತ್ರಜ್ಞರು ಇದನ್ನು ಕಟುವಾಗಿ ಟೀಕಿಸಿದರು. ಜನ ಹೇಗಿದ್ದಾರೆ ಎಂದು ಮೆಕ್‌ಗ್ಯಾವ್ರನ್ ಬರೆದದ್ದು ಸರಿಯೇ. ನಮ್ಮ ಅವ್ವ ಹೇಳಿದ್ದೂ ಅದನ್ನೇ. ಹೀಗಿದೆ ಎಂಬುದನ್ನು ಹೀಗೇ ಇರಲಿ ಎಂದು ಮಾಡಿದ್ದು ತಪ್ಪು. ಭಾರತದಿಂದ ರಫ್ತಾದ ಸರಕುಗಳಲ್ಲಿ ಇದೂ ಒಂದು ಎಂದು ನಾವು ನಾಚಿಕೊಳ್ಳಬೇಕು.

ಥರ್ಮನ್ 1953ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು, 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ತೀರಿಕೊಂಡರು. ಮಗಳ ಮನೆಗೆ ಹೋದಾಗ ನಾನು ಲಾರ್ಕಿನ್ ಬೀದಿಯ ಏರು ಹತ್ತಿ ಆ ಕಟ್ಟಡ ನೋಡಿ ಬಂದೆ. ದೊಡ್ಡದೇನಲ್ಲ. ಸಂಖ್ಯೆಯ ಲೆಕ್ಕದಲ್ಲಿ ಗೆದ್ದದ್ದು ಪ್ಯಾಸಡೀನಾ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಅಮೆರಿಕದ ಅತ್ಯಂತ ಪ್ರತ್ಯೇಕಿತ ಗಂಟೆ ಎಂದು ಕಿಂಗ್ 1960ರಲ್ಲಿ ಟಿವಿಯಲ್ಲಿ ಹೇಳಿದರು. ಸಮಾಜಶಾಸ್ತ್ರಜ್ಞರು ಯಾವುದೇ ಒಂದು ಜನಾಂಗ ನೂರಕ್ಕೆ ಎಂಬತ್ತನ್ನು ಮೀರದ ಸಭೆಯನ್ನು ಮಿಶ್ರ ಸಭೆ ಎನ್ನುತ್ತಾರೆ. ಅಂಥವು 1998ರಲ್ಲಿ ನೂರಕ್ಕೆ 6 ಇದ್ದದ್ದು 2019ರಲ್ಲಿ 16 ಆಗಿವೆ. ಸಂತೋಷ ಪಡುವ ಮುನ್ನ ಇನ್ನೊಂದು ಸಂಗತಿ: ಹೆಚ್ಚಿನ ಕಡೆ ಕಪ್ಪು, ಲ್ಯಾಟಿನೊ, ಏಷ್ಯನ್ ಜನ ಬಿಳಿಯರ ಸಭೆಗೆ ಹೋಗಿದ್ದಾರೆ. ಬಿಳಿಯರು ಕಪ್ಪು ಸಭಾಪಾಲಕರ ಸಭೆಗೆ ಹೋದದ್ದು ಬಲು ಅಪರೂಪ. ನಮ್ಮವರೂ ಅಲ್ಲಿ ಹೋಗಿ ಮಲಯಾಳಿ ಸಭೆ, ತಮಿಳು ಸಭೆ, ತೆಲುಗು ಸಭೆ ಕಟ್ಟಿಕೊಂಡಿದ್ದಾರೆ. ಮೊದಲ ತಲೆಮಾರಿಗೆ ತಾಯ್ನುಡಿಯ ಪ್ರಾರ್ಥನೆ ಬೇಕು, ಅದನ್ನು ಹೀಗಳೆಯಲಾರೆ.

ಬೆಂಗಳೂರಿನಲ್ಲಂತೂ ಒಂದೇ ಕಟ್ಟಡದಲ್ಲಿ ಒಂದು ಗಂಟೆ ಕನ್ನಡ, ಒಂದು ಗಂಟೆ ತಮಿಳು, ಒಂದು ಗಂಟೆ ಇಂಗ್ಲಿಷ್ ಆರಾಧನೆ ನಡೆಯುವುದುಂಟು. ಒಬ್ಬರು ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತಾರೆ. ಇದನ್ನು ಓದುವವರಲ್ಲಿ ಸಭೆಯ ಜವಾಬ್ದಾರಿ ಹೊತ್ತವರಿದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಎಲ್ಲರಿಗೂ ಸ್ವಾಗತ ಎಂಬ ಬೋರ್ಡು ಬರೆಸುವ ಮೊದಲು ನಿಮ್ಮ ಸಮಿತಿಯ ಹೆಸರುಗಳನ್ನು ಒಮ್ಮೆ ಓದಿ. ಹಣದ ಲೆಕ್ಕ ಯಾರ ಕೈಯಲ್ಲಿದೆ, ಸುಗ್ಗಿ ಹಬ್ಬದ ಊಟವಾದ ಮೇಲೆ ಪಾತ್ರೆ ತೊಳೆಯುವವರು ಯಾರು ಎಂದು ನೋಡಿ. ಆ ಎರಡೂ ಪಟ್ಟಿಗಳನ್ನು ಬರುವ ಚುನಾವಣೆಗೆ ಮುಂಚೆ ಸಭೆಯ ಮುಂದೆ ಗಟ್ಟಿಯಾಗಿ ಓದಿ.